ಮೊದಲು ಕಾನ್ಸರ್ಟೊ, ಆಮೇಲೆ ಸಿಂಫನಿ: ಯಾವ ಸಂಜೆಯ ಟಿಕೆಟ್ ಕೊಳ್ಳಬೇಕು?

ಯೂರೋಪಿನ ದೊಡ್ಡ ವಾದ್ಯವೃಂದಗಳು ವರ್ಷದ ಕಾರ್ಯಕ್ರಮ ಪಟ್ಟಿಯನ್ನು ಹೊರತಂದಾಗ ಒಂದು ಬಗೆಯ ಸಂಜೆ ಅದರಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ವಿರಾಮಕ್ಕೆ ಮುಂಚೆ ಮೊಟ್ಸಾರ್ಟ್, ಹೈಡನ್ ಅಥವಾ ಬೀಥೋವನ್ ಬರೆದ ಒಂದು ವಯಲಿನ್ ಕಾನ್ಸರ್ಟೊ, ಅಂದರೆ ಒಬ್ಬ ವಯಲಿನ್ ಏಕವಾದಕರು ವಾದ್ಯವೃಂದದೊಂದಿಗೆ ನುಡಿಸುವ ಕೃತಿ, ಇರುತ್ತದೆ. ವಿರಾಮದ ನಂತರ ಬ್ರಾಮ್ಸ್, ಚೈಕೋವ್‌ಸ್ಕಿ, ಡ್ವೊರ್ಝಾಕ್ ಅಥವಾ ಬ್ರುಕ್ನರ್ ಬರೆದ ಒಂದು ರೊಮ್ಯಾಂಟಿಕ್ (ಹತ್ತೊಂಬತ್ತನೆಯ ಶತಮಾನದ ಭಾವಪ್ರಧಾನ ಶೈಲಿಯ) ಸಿಂಫನಿ, ಅಂದರೆ ಇಡೀ ವಾದ್ಯವೃಂದಕ್ಕಾಗಿ ಬರೆದ, ಹಲವು ಭಾಗಗಳ ದೀರ್ಘ ಕೃತಿ, ಇರುತ್ತದೆ. ಲಂಡನ್ನಿನಲ್ಲೋ ಮ್ಯೂನಿಕ್ಕಿನಲ್ಲೋ ಆಮ್‌ಸ್ಟರ್‌ಡ್ಯಾಮಿನಲ್ಲೋ ಕೆಲಸದಲ್ಲಿರುವ ಕನ್ನಡಿಗರಿಗೆ ಇಂಥ ಮೂರ್ನಾಲ್ಕು ಸಂಜೆಗಳು ಒಂದೇ ತಿಂಗಳಲ್ಲಿ, ಹೆಚ್ಚುಕಡಿಮೆ ಒಂದೇ ಬೆಲೆಗೆ ಸಿಗುವುದುಂಟು. ಎಲ್ಲಕ್ಕೂ ಹೋಗಲು ಸಮಯವೂ ಹಣವೂ ಇರುವುದಿಲ್ಲವಾದ್ದರಿಂದ ಆಯ್ಕೆ ಮಾಡಲೇಬೇಕಾಗುತ್ತದೆ, ಮತ್ತು ಆ ಆಯ್ಕೆಯನ್ನು ಬಹುತೇಕ ಜನ ಸಿಂಫನಿಯ ಹೆಸರು ನೋಡಿ ಮಾಡುತ್ತಾರೆ. ಕಾನ್ಸರ್ಟೊವನ್ನೇ ಮೊದಲು ನೋಡಬೇಕು, ಸಿಂಫನಿಯನ್ನು ಅದಕ್ಕೆ ಹೊಂದಿಸಿ ತೂಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಕಾರಣವಿದೆ. ಸಿಂಫನಿ ಶುರುವಾಗುವ ಹೊತ್ತಿಗೆ ನಮ್ಮ ಕಿವಿ ಆಗಲೇ ಅರ್ಧ ಗಂಟೆಗೂ ಹೆಚ್ಚು ಕಾಲ ಕೆಲಸ ಮಾಡಿರುತ್ತದೆ. ಬೀದಿಯ ಗದ್ದಲದಿಂದ ಒಳಗೆ ಬಂದ ಕಿವಿಗೆ ಅಂದಿನ ಸಂಜೆಯಲ್ಲಿ ಯಾವುದು ಜೋರು, ಯಾವುದು ಮೆಲು ಎಂಬ ಅಳತೆಯನ್ನು ಕಲಿಸಿಕೊಡುವುದು ಕಾನ್ಸರ್ಟೊ. ಆ ಅಳತೆ ಸೂಕ್ಷ್ಮವಾಗಿದ್ದರೆ ನಂತರ ಬರುವ ಹಿತ್ತಾಳೆ ವಾದ್ಯಗಳ ಅಬ್ಬರ ನಿಜವಾಗಿಯೂ ಅಬ್ಬರವಾಗಿ ಕೇಳಿಸುತ್ತದೆ. ಕಾನ್ಸರ್ಟೊ ತಾನೇ ದೀರ್ಘವಾಗಿ, ಗಹನವಾಗಿ ಇದ್ದರೆ ಸಿಂಫನಿಗೆ ಉಳಿಯುವ ಗಮನ ಕಡಿಮೆಯಾಗುತ್ತದೆ. ಹಾಗಾಗಿ ಎರಡು ಕೃತಿಗಳೂ ಬೇರೆ ಬೇರೆಯಾಗಿ ಎಷ್ಟೇ ಶ್ರೇಷ್ಠವಾಗಿದ್ದರೂ ಜೊತೆಗೂಡಿದಾಗ ಒಂದು ಇನ್ನೊಂದನ್ನು ಮಂಕು ಮಾಡುವ ಸಾಧ್ಯತೆ ಇದ್ದೇ ಇರುತ್ತದೆ.

ಪಟ್ಟಿಗಳಲ್ಲಿ ಹೆಚ್ಚಾಗಿ ಕಾಣುವುದು ಮೊಟ್ಸಾರ್ಟ್‌ನ ಕಾನ್ಸರ್ಟೊಗಳು. ಅವನ ವಯಲಿನ್ ಕಾನ್ಸರ್ಟೊಗಳು ಐದು. ಮೊದಲನೆಯದು 1773ರದು, ಉಳಿದ ನಾಲ್ಕನ್ನೂ 1775ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಸಾಲ್ಜ್‌ಬರ್ಗಿನ ಆಸ್ಥಾನದಲ್ಲಿ ಕೆಲಸಕ್ಕಿದ್ದಾಗ ಅವನು ಬರೆದ. ಇಂದು ಹೆಚ್ಚು ನುಡಿಸುವುದು ಕೊನೆಯ ಮೂರನ್ನು: ಜಿ ಮೇಜರ್ ಎಂಬ ಸ್ವರಶ್ರೇಣಿಯ ಮೂರನೆಯದು, ಡಿ ಮೇಜರ್‌ನ ನಾಲ್ಕನೆಯದು, ಎ ಮೇಜರ್‌ನ ಐದನೆಯದು. ಮೂರಕ್ಕೂ ಬೇಕಾದ ವಾದ್ಯವೃಂದ ಚಿಕ್ಕದು; ತಂತಿವಾದ್ಯಗಳ ಜೊತೆಗೆ ಎರಡು ಓಬೋ (ಮರದ ಊದುವಾದ್ಯ), ಎರಡು ಹಾರ್ನ್ (ಹಿತ್ತಾಳೆಯ ಊದುವಾದ್ಯ), ಅಷ್ಟೇ. ನಗಾರಿಯಂಥ ಟಿಂಪನಿ ಇಲ್ಲ, ತುತ್ತೂರಿ ಇಲ್ಲ. ಅವಧಿ ಇಪ್ಪತ್ತೈದು ನಿಮಿಷದಿಂದ ಅರ್ಧ ಗಂಟೆಯ ಒಳಗೆ.

ಮೂರನೆಯದನ್ನು ಆಯ್ಕೆ ಮಾಡಲು ಅದರ ನಡುವಿನ ಭಾಗವೊಂದೇ ಸಾಕು. ಅಲ್ಲಿ ಓಬೋಗಳು ಸುಮ್ಮನಾಗಿ ಅವುಗಳ ಜಾಗಕ್ಕೆ ಎರಡು ಕೊಳಲುಗಳು ಬರುತ್ತವೆ, ಮೇಲಿನ ತಂತಿವಾದ್ಯಗಳು ನಾದವನ್ನು ತಗ್ಗಿಸುವ ಮ್ಯೂಟ್ ಹಾಕಿಕೊಂಡು ನುಡಿಸುತ್ತವೆ, ಕೆಳಗಿನವು ಕಮಾನು ಬಿಟ್ಟು ಬೆರಳಿನಿಂದ ಮೀಟುತ್ತವೆ. ಇಡೀ ವಾದ್ಯವೃಂದದ ಬಣ್ಣವೇ ಬದಲಾಗುತ್ತದೆ, ಮತ್ತು ಆ ಮೆದುವಾದ ಹಾಸಿನ ಮೇಲೆ ಏಕವಾದಕರ ವಯಲಿನ್ ಒಂದು ದೀರ್ಘ ರಾಗರೇಖೆಯನ್ನು ಎಳೆಯುತ್ತದೆ. ಐದನೆಯದರಲ್ಲಿ ಗಮನ ಸೆಳೆಯುವುದು ಏಕವಾದಕರ ಪ್ರವೇಶ. ವಾದ್ಯವೃಂದ ಚುರುಕಾದ ನಡೆಯಲ್ಲಿ ತನ್ನ ಮಾತು ಮುಗಿಸಿದ ಮೇಲೆ ವಯಲಿನ್ ಅದೇ ನಡೆಯಲ್ಲಿ ಮುಂದುವರಿಯುತ್ತದೆ ಎಂದು ನಾವು ಕಾಯುತ್ತಿರುವಾಗ ಲಯ ಇದ್ದಕ್ಕಿದ್ದಂತೆ ನಿಧಾನವಾಗುತ್ತದೆ. ತಂತಿಗಳ ಮರ್ಮರದ ಮೇಲೆ ವಯಲಿನ್ ಕೆಲವೇ ಸಾಲುಗಳನ್ನು ಹಾಡಿ ನಿಲ್ಲುತ್ತದೆ. ನಂತರ ಚುರುಕು ನಡೆ ಮರಳಿದಾಗ ವಾದ್ಯವೃಂದ ಮೊದಲು ನುಡಿಸಿದ ಧಾಟಿ ಹಿನ್ನೆಲೆಗೆ ಸರಿದು, ವಯಲಿನ್ ಅದರ ಮೇಲೆ ಹೊಚ್ಚಹೊಸ ಧಾಟಿಯನ್ನು ಹೂಡುತ್ತದೆ.

ಈ ಐದನೆಯ ಕಾನ್ಸರ್ಟೊದ ಕೊನೆಯ ಭಾಗದಲ್ಲಿ ಮಿನುಯೆಟ್ ನೃತ್ಯದ ನಡುವೆ ಎ ಮೈನರ್‌ನಲ್ಲಿ ಒಂದು ಒರಟು ಪ್ರಸಂಗ ನುಗ್ಗುತ್ತದೆ. ವಿಯೆನ್ನಾದ ಜನ ಆ ಕಾಲದಲ್ಲಿ ತುರ್ಕಿಯದೆಂದು ಭಾವಿಸುತ್ತಿದ್ದ ಶೈಲಿಯದು. ನಾನು ಒಮ್ಮೆ ಬದಿಯ ಬಾಲ್ಕನಿಯಲ್ಲಿ, ಚೆಲ್ಲೋ ವಾದಕರ ನೇರ ಮೇಲೆ ಕುಳಿತಿದ್ದೆ. ಆ ಪ್ರಸಂಗ ಬಂದಾಗ ಅವರೆಲ್ಲ ಒಟ್ಟಿಗೆ ಮಣಿಕಟ್ಟು ತಿರುಗಿಸಿ ಕಮಾನಿನ ಕೂದಲನ್ನು ಮೇಲೆ ಮಾಡಿ, ಕಡ್ಡಿಯಿಂದ ತಂತಿಗಳನ್ನು ಬಡಿಯತೊಡಗಿದರು. ನಾದಕ್ಕಿಂತ ಕಟಕಟ ಸದ್ದೇ ಹೆಚ್ಚು, ಆದರೆ ಅದರಲ್ಲಿ ತಾಳವಾದ್ಯದ ಕಳೆ ಇತ್ತು. ಧ್ವನಿಮುದ್ರಣದಲ್ಲಿ ಸುಲಭವಾಗಿ ಕಳೆದುಹೋಗುವ ಈ ಪರಿಣಾಮಕ್ಕಾಗಿಯಾದರೂ ಐದನೆಯ ಕಾನ್ಸರ್ಟೊವನ್ನು ಸಭಾಂಗಣದಲ್ಲಿ ಕೇಳಬೇಕು.

ಕರ್ನಾಟಕ ಸಂಗೀತದ ಪಿಟೀಲು ಕೇಳಿ ಬೆಳೆದವರಿಗೆ ಮೊಟ್ಸಾರ್ಟ್‌ನಲ್ಲಿ ಇನ್ನೊಂದು ಆಕರ್ಷಣೆಯಿದೆ. ವಾದ್ಯವೃಂದ ನಿಂತು, ಏಕವಾದಕರು ಒಂಟಿಯಾಗಿ ಕೃತಿಯ ಧಾಟಿಗಳನ್ನು ವಿಸ್ತರಿಸುವ ಕಡೆನ್ಸಾ ಎಂಬ ಘಟ್ಟಗಳಿಗೆ ಮೊಟ್ಸಾರ್ಟ್ ಬರೆದಿಟ್ಟದ್ದೇನೂ ಈ ಕಾನ್ಸರ್ಟೊಗಳ ಮಟ್ಟಿಗೆ ಉಳಿದಿಲ್ಲ. ಹತ್ತೊಂಬತ್ತನೆಯ ಶತಮಾನದ ವಯಲಿನ್ ವಾದಕ ಯೋಸೆಫ್ ಯೊಆಖಿಮ್ ಐದನೆಯದಕ್ಕೆ ಬರೆದ ಕಡೆನ್ಸಾಗಳನ್ನು ಹಲವರು ನುಡಿಸುತ್ತಾರೆ, ಕೆಲವರು ತಮ್ಮದೇ ರಚನೆಯನ್ನು ತರುತ್ತಾರೆ. ನಮ್ಮ ಮನೋಧರ್ಮದಂತೆ ಅದು ವೇದಿಕೆಯ ಮೇಲೆ ಹುಟ್ಟುವುದು ಅಪರೂಪವಾದರೂ ಕಲಾವಿದರ ಅಭಿರುಚಿ ಬಯಲಾಗುವ ಜಾಗ ಅದೇ. ಆದ್ದರಿಂದ ಮೊಟ್ಸಾರ್ಟ್ ಇರುವ ಸಂಜೆಯನ್ನು ಆರಿಸುವಾಗ ಸಿಂಫನಿಯ ಜೊತೆಗೆ ಏಕವಾದಕರು ಯಾರು ಎಂಬುದಕ್ಕೂ ಬೆಲೆ ಕೊಡಬೇಕು.

ಇನ್ನು ಜೋಡಿಯ ವಿಚಾರ. ಮೊಟ್ಸಾರ್ಟ್‌ನ ಈ ಮೂರೂ ಕಾನ್ಸರ್ಟೊಗಳು ಮೆಲ್ಲಗೆ, ಬಹುತೇಕ ಹೇಳದೆ ಕೇಳದೆ ಎದ್ದು ಹೋದಂತೆ ಮುಗಿಯುತ್ತವೆ. ಇವುಗಳ ನಂತರ ಚೈಕೋವ್‌ಸ್ಕಿಯ ಐದನೆಯ ಸಿಂಫನಿ ಬಂದರೆ ವ್ಯತ್ಯಾಸ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. 1888ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಚೈಕೋವ್‌ಸ್ಕಿಯೇ ಕಂಡಕ್ಟರ್ (ವಾದ್ಯವೃಂದವನ್ನು ನಡೆಸುವವ) ಆಗಿ ನಿಂತು ಮೊದಲು ನುಡಿಸಿದ ಈ ಸಿಂಫನಿ ಕ್ಲಾರಿನೆಟ್‌ಗಳ ಕೆಳಸ್ಥಾಯಿಯಲ್ಲಿ ಒಂದು ಕತ್ತಲೆಯ ಧಾಟಿಯಿಂದ ಶುರುವಾಗುತ್ತದೆ, ಮತ್ತು ಅದೇ ಧಾಟಿ ನಾಲ್ಕೂ ಭಾಗಗಳಲ್ಲಿ ಮರಳಿ ಬಂದು ಕೊನೆಗೆ ವಿಜಯದ ನಡಿಗೆಯಾಗುತ್ತದೆ. ಎರಡನೆಯ ಭಾಗದ ಹಾರ್ನ್ ಧಾಟಿಯನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಚೈಕೋವ್‌ಸ್ಕಿಗೆ ಮೊಟ್ಸಾರ್ಟ್ ಆರಾಧ್ಯನಾಗಿದ್ದ. 1887ರಲ್ಲಿ ಅವನ ಧಾಟಿಗಳನ್ನೇ ತೆಗೆದುಕೊಂಡು ‘ಮೊಟ್ಸಾರ್ಟಿಯಾನಾ’ ಎಂಬ ಸ್ವೀಟ್ (ಕಿರುಕೃತಿಗಳ ಮಾಲೆ) ಒಂದನ್ನು ವಾದ್ಯವೃಂದಕ್ಕಾಗಿ ರಚಿಸಿದ್ದ. ಹೀಗಾಗಿ ಈ ಜೋಡಣೆಗೆ ಕೇವಲ ವೈರುಧ್ಯವಲ್ಲದ ಒಂದು ಒಳಸಂಬಂಧವೂ ಇದೆ. ಐದನೆಯ ಸಿಂಫನಿಯ ಕೊನೆಯ ಭಾಗದಲ್ಲಿ ಎಲ್ಲವೂ ಮುಗಿಯಿತೆಂಬಂತೆ ವಾದ್ಯವೃಂದ ನಿಂತುಬಿಡುವ ಒಂದು ಕ್ಷಣವಿದೆ ಎಂಬುದನ್ನು ಮಾತ್ರ ನೆನಪಿಡಬೇಕು. ಅಲ್ಲಿ ಚಪ್ಪಾಳೆ ತಟ್ಟಿದರೆ ಮುಂದೆ ಬರುವ ನಡಿಗೆಯ ಆರಂಭ ಮುಳುಗಿಹೋಗುತ್ತದೆ.

ಅದೇ ಮೊಟ್ಸಾರ್ಟ್‌ಗೆ ಚೈಕೋವ್‌ಸ್ಕಿಯ ಆರನೆಯದನ್ನು ಜೋಡಿಸಿದ್ದರೆ ನಾನು ಎರಡು ಸಲ ಯೋಚಿಸುತ್ತೇನೆ. 1893ರ ಅಕ್ಟೋಬರ್ 28ರಂದು ಮೊದಲ ಪ್ರಯೋಗ ಕಂಡ ಆ ಸಿಂಫನಿಯ ನಂತರ ಒಂಬತ್ತೇ ದಿನಗಳಲ್ಲಿ ಚೈಕೋವ್‌ಸ್ಕಿ ತೀರಿಕೊಂಡ. ಅದರ ಮೂರನೆಯ ಭಾಗ ಭರ್ಜರಿಯಾಗಿ ಮುಗಿದು, ಅನೇಕ ಕಡೆ ಚಪ್ಪಾಳೆಯನ್ನೂ ಗಿಟ್ಟಿಸಿಕೊಂಡು, ಆಮೇಲೆ ನಾಲ್ಕನೆಯ ಭಾಗ ಶೋಕದಲ್ಲಿ ಇಳಿಯುತ್ತಾ ಚೆಲ್ಲೋ, ಡಬಲ್ ಬಾಸ್‌ಗಳ ತಳದಲ್ಲಿ ಅಡಗುತ್ತದೆ. ಕೃತಿ ಮಹತ್ತಾದದ್ದು, ಆದರೆ ಮೆಲ್ಲಗೆ ಮುಗಿಯುವ ಕಾನ್ಸರ್ಟೊ ಮತ್ತು ಮೆಲ್ಲಗೆ ಮುಗಿಯುವ ಸಿಂಫನಿ ಎರಡೂ ಸೇರಿದ ಸಂಜೆಯಿಂದ ಹೊರಬರುವವರು ಒಂದು ಭಾರವನ್ನು ಹೊತ್ತುಕೊಂಡೇ ಬರುತ್ತಾರೆ. ಮೊದಲ ಬಾರಿ ಹೋಗುವ ಮಕ್ಕಳನ್ನು, ಊರಿನಿಂದ ಬಂದ ತಂದೆತಾಯಿಗಳನ್ನು ಕರೆದೊಯ್ಯಲು ಇದು ತಕ್ಕ ಸಂಜೆಯಲ್ಲ.

ಅವರಿಗಾಗಿ ನಾನು ಹಿಂಜರಿಯದೆ ಸೂಚಿಸುವುದು ಮೊಟ್ಸಾರ್ಟ್‌ನ ಮೂರನೆಯ ಕಾನ್ಸರ್ಟೊ ಮತ್ತು ಡ್ವೊರ್ಝಾಕ್‌ನ ಎಂಟನೆಯ ಸಿಂಫನಿ ಇರುವ ಸಂಜೆ. ಎರಡೂ ಜಿ ಮೇಜರ್‌ನವು. ಡ್ವೊರ್ಝಾಕ್ 1889ರಲ್ಲಿ ಬರೆದು 1890ರ ಫೆಬ್ರುವರಿಯಲ್ಲಿ ಪ್ರಾಗಿನಲ್ಲಿ ತಾನೇ ನಡೆಸಿಕೊಟ್ಟ ಈ ಸಿಂಫನಿ ಚೆಲ್ಲೋಗಳ ಗಂಭೀರ ಧಾಟಿಯಿಂದ ಹೊರಟರೂ ಸ್ವಲ್ಪ ಹೊತ್ತಿನಲ್ಲೇ ಕೊಳಲು ಹಕ್ಕಿಯಂತೆ ಉಲಿಯುತ್ತದೆ, ಕೊನೆಯ ಭಾಗ ತುತ್ತೂರಿಗಳ ಕರೆಯಿಂದ ತೆರೆದುಕೊಳ್ಳುತ್ತದೆ. ಅವಧಿ ನಲವತ್ತು ನಿಮಿಷದೊಳಗೆ. ಒಂಬತ್ತನೆಯದು, ಅಂದರೆ 1893ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಮೊದಲು ಕೇಳಿಬಂದ ‘ನವಲೋಕ’ ಸಿಂಫನಿ, ಇದಕ್ಕಿಂತ ಪ್ರಸಿದ್ಧವಾದದ್ದು. ಜನ ಅದರ ಕಡೆಗೇ ಓಡುತ್ತಾರೆ. ಎರಡರ ನಡುವೆ ಆರಿಸಬೇಕಾಗಿ ಬಂದರೆ ಮೊಟ್ಸಾರ್ಟ್‌ನ ಪಕ್ಕದಲ್ಲಿ ಎಂಟನೆಯದೇ ಹೆಚ್ಚು ಹೊಂದುತ್ತದೆ, ಏಕೆಂದರೆ ಎರಡರಲ್ಲೂ ಧಾಟಿಗಳು ಒಂದರ ಬೆನ್ನಿಗೊಂದು ಸಲೀಸಾಗಿ ಹುಟ್ಟಿಕೊಳ್ಳುತ್ತವೆ.

ಬ್ರಾಮ್ಸ್‌ನ ಎರಡನೆಯ ಸಿಂಫನಿಯೂ ಮೊಟ್ಸಾರ್ಟ್ ಜೊತೆಗೆ ಚೆನ್ನಾಗಿ ಕೂಡುತ್ತದೆ. 1877ರ ಬೇಸಿಗೆಯನ್ನು ಆಸ್ಟ್ರಿಯದ ವೋರ್ಥರ್ ಸರೋವರದ ದಂಡೆಯ ಪೋರ್ಟ್‌ಷಾಖ್‌ನಲ್ಲಿ ಕಳೆಯುತ್ತಾ ಬ್ರಾಮ್ಸ್ ಬರೆದ ಕೃತಿಯಿದು. ಅದೇ ವರ್ಷದ ಡಿಸೆಂಬರ್ 30ರಂದು ವಿಯೆನ್ನಾದಲ್ಲಿ ಹಾನ್ಸ್ ರಿಕ್ಟರ್ ಅದನ್ನು ಮೊದಲು ನಡೆಸಿಕೊಟ್ಟ. ಇದನ್ನು ಬಿಸಿಲಿನ ಸಿಂಫನಿ ಎಂದು ಕರೆದು ಸುಮ್ಮನಾಗುವವರಿದ್ದಾರೆ. ಆದರೆ ಆರಂಭವಾಗಿ ಸ್ವಲ್ಪ ಹೊತ್ತಿಗೇ ಟಿಂಪನಿ ಮೆಲ್ಲಗೆ ಉರುಳುತ್ತದೆ, ಟ್ರೊಂಬೋನ್ ಮತ್ತು ಟ್ಯೂಬಾ ಕಪ್ಪು ನೆರಳಿನಂಥ ಸ್ವರಗಳನ್ನು ಹಿಡಿಯುತ್ತವೆ. ಮೊಟ್ಸಾರ್ಟ್‌ನ ಚಿಕ್ಕ ವಾದ್ಯವೃಂದದ ಅಳತೆ ಕಿವಿಯಲ್ಲಿ ಇನ್ನೂ ಉಳಿದಿರುವಾಗ ಈ ನೆರಳು ಬಹಳ ಸ್ಪಷ್ಟವಾಗಿ ಕಾಣುತ್ತದೆ, ಮತ್ತು ನಾನು ಈ ಜೋಡಿಯನ್ನು ಇಷ್ಟಪಡಲು ಮುಖ್ಯ ಕಾರಣವೇ ಅದು.

ಬ್ರುಕ್ನರ್‌ನ ಏಳನೆಯ ಸಿಂಫನಿಯಂಥ ಕೃತಿ ಎರಡನೆಯ ಅರ್ಧದಲ್ಲಿದ್ದರೆ ಲೆಕ್ಕವೇ ಬೇರೆ. 1884ರ ಡಿಸೆಂಬರಿನಲ್ಲಿ ಲೈಪ್ಸಿಗ್‌ನಲ್ಲಿ ಆರ್ಥರ್ ನಿಕಿಷ್ ಮೊದಲು ನಡೆಸಿಕೊಟ್ಟ ಈ ಸಿಂಫನಿಗೆ ಒಂದು ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತದೆ. ಅದರ ನಿಧಾನಗತಿಯ ಎರಡನೆಯ ಭಾಗವೊಂದೇ ಇಪ್ಪತ್ತು ನಿಮಿಷ ದಾಟುತ್ತದೆ. ಆ ಭಾಗದಲ್ಲಿ ವಾಗ್ನರ್ ಟ್ಯೂಬಾ ಎಂಬ ನಾಲ್ಕು ಹಿತ್ತಾಳೆ ವಾದ್ಯಗಳು ಸೇರಿಕೊಳ್ಳುತ್ತವೆ, ಮತ್ತು 1883ರ ಫೆಬ್ರುವರಿಯಲ್ಲಿ ತೀರಿಕೊಂಡ ಸಂಗೀತ ರಚನಾಕಾರ ವಾಗ್ನರ್‌ಗೆ ಬ್ರುಕ್ನರ್ ಸಲ್ಲಿಸಿದ ಶೋಕಗೀತೆಯಾಗಿ ಅದು ಮುಗಿಯುತ್ತದೆ. ಇಂಥ ಬೆಟ್ಟದ ಮುಂದೆ ಇಪ್ಪತ್ತು ನಿಮಿಷದ ಕೃತಿಯೊಂದನ್ನು ಇಡುವುದು ಸರಿಯಾದ ಕ್ರಮ. ಹೈಡನ್ ತನ್ನ ಒಡನಾಡಿ ಲುಯಿಜಿ ತೊಮಾಸಿನಿಗಾಗಿ ಬರೆದ ಸಿ ಮೇಜರ್ ಕಾನ್ಸರ್ಟೊ ಇಂಥ ಸಂಜೆಗೆ ಹೇಳಿ ಮಾಡಿಸಿದಂತಿದೆ. ಆದರೆ ಬ್ರುಕ್ನರ್‌ನನ್ನು ಮೊದಲೇ ಸ್ವಲ್ಪವಾದರೂ ಕೇಳಿ ಒಪ್ಪಿಕೊಂಡವರು ಮಾತ್ರ ಈ ಟಿಕೆಟ್ ಕೊಳ್ಳುವುದು ಒಳ್ಳೆಯದು.

ಈಗ ಬೀಥೋವನ್‌ಗೆ ಬರೋಣ. ಇಲ್ಲಿ ಆಯ್ಕೆ ಕಠಿಣವಾಗುತ್ತದೆ. ಅವನ ಏಕೈಕ ಪೂರ್ಣ ವಯಲಿನ್ ಕಾನ್ಸರ್ಟೊ 1806ರ ಡಿಸೆಂಬರ್ 23ರಂದು ವಿಯೆನ್ನಾದ ಥಿಯೇಟರ್ ಆನ್ ಡೆರ್ ವೀನ್‌ನಲ್ಲಿ ಫ್ರಾಂಜ್ ಕ್ಲೆಮೆಂಟ್ ಕೈಯಲ್ಲಿ ಮೊದಲು ಕೇಳಿಬಂತು. ನಂತರ ದಶಕಗಳ ಕಾಲ ಅದನ್ನು ನುಡಿಸಿದವರು ವಿರಳ. 1844ರಲ್ಲಿ ಹನ್ನೆರಡು ವರ್ಷದ ಬಾಲಕ ಯೊಆಖಿಮ್ ಲಂಡನ್ನಿನಲ್ಲಿ, ಮೆಂಡೆಲ್ಸನ್ ಕಂಡಕ್ಟರ್ ಆಗಿದ್ದ ಕಚೇರಿಯಲ್ಲಿ ಅದನ್ನು ನುಡಿಸಿದ ಮೇಲೆ ಅದಕ್ಕೆ ಇಂದಿನ ಸ್ಥಾನ ಸಿಗತೊಡಗಿತು. ಇದು ಮುಕ್ಕಾಲು ಗಂಟೆಯ ಹತ್ತಿರ ಹೋಗುವ ಕೃತಿ, ಅದರಲ್ಲಿ ಮೊದಲ ಭಾಗವೇ ಅರ್ಧಕ್ಕಿಂತ ಹೆಚ್ಚು.

ಅದರ ಆರಂಭವನ್ನು ಗಮನವಿಟ್ಟು ಕೇಳಬೇಕು. ಟಿಂಪನಿ ಒಂಟಿಯಾಗಿ, ಮೆಲ್ಲಗೆ, ಒಂದೇ ಸ್ವರದಲ್ಲಿ ನಾಲ್ಕು ಪೆಟ್ಟು ಹಾಕುತ್ತದೆ; ಐದನೆಯ ಪೆಟ್ಟಿನೊಂದಿಗೆ ಓಬೋ, ಕ್ಲಾರಿನೆಟ್, ಬಾಸೂನುಗಳು ಶಾಂತವಾದ ಧಾಟಿಯನ್ನು ಎತ್ತಿಕೊಳ್ಳುತ್ತವೆ. ಸ್ವಲ್ಪ ಹೊತ್ತಿನಲ್ಲೇ ಅದೇ ಪೆಟ್ಟುಗಳನ್ನು ವಯಲಿನ್‌ಗಳು ಊಹೆಗೆ ನಿಲುಕದ, ಶ್ರುತಿಗೆ ಹೊರಗಿನದೆನಿಸುವ ಒಂದು ಸ್ವರದಲ್ಲಿ ನುಡಿಸುತ್ತವೆ, ಮತ್ತು ಈ ಪೆಟ್ಟಿನ ಗತಿ ಮೊದಲ ಭಾಗದುದ್ದಕ್ಕೂ ಎಲ್ಲೋ ಒಂದು ಕಡೆ ಮಿಡಿಯುತ್ತಲೇ ಇರುತ್ತದೆ. ಏಕವಾದಕರು ಸುಮಾರು ಮೂರು ನಿಮಿಷ ಕಾಯ್ದು, ಕೆಳಗಿನಿಂದ ಮೇಲಕ್ಕೆ ಅಷ್ಟಕಗಳಲ್ಲಿ (ಒಂದು ಸ್ಥಾಯಿಯ ಅಂತರದ ಸ್ವರಗಳಲ್ಲಿ) ಹತ್ತುತ್ತಾ ಪ್ರವೇಶಿಸುತ್ತಾರೆ. ಇಲ್ಲಿ ವೇಗದ ಚಮತ್ಕಾರಕ್ಕೆ ಅವಕಾಶ ಕಡಿಮೆ. ಎತ್ತರದ ಸ್ವರಗಳಲ್ಲಿ ಶುದ್ಧ ಶ್ರುತಿಯನ್ನು ಹಿಡಿದು ನಿಲ್ಲುವುದೇ ಇಲ್ಲಿಯ ಪರೀಕ್ಷೆ. ದೀರ್ಘವಾದ ಕಡೆನ್ಸಾ ಮುಗಿದ ಮೇಲೆ ಎರಡನೆಯ ಧಾಟಿಯನ್ನು ವಯಲಿನ್ ತನ್ನ ಕೆಳಗಿನ ಎರಡು ತಂತಿಗಳ ಮೇಲೆ ಸರಳವಾಗಿ ಹಾಡುತ್ತದೆ. ಒಳ್ಳೆಯ ವಾದಕರ ಕೈಯಲ್ಲಿ ಆ ಸಾಲು ಬಂದಾಗ ಇಡೀ ಸಭಾಂಗಣ ಉಸಿರು ಬಿಗಿಹಿಡಿಯುವುದನ್ನು ನಾನು ಕಂಡಿದ್ದೇನೆ.

ಇಷ್ಟೆಲ್ಲ ಕೇಳಿದ ಮೇಲೆ ಯಾವ ಸಿಂಫನಿ? ಬೀಥೋವನ್ ಕಾನ್ಸರ್ಟೊದ ನಂತರ ಚೈಕೋವ್‌ಸ್ಕಿಯ ಐದನೆಯದನ್ನು ಇಟ್ಟ ಸಂಜೆಯನ್ನು ನಾನು ಆರಿಸುವುದಿಲ್ಲ. ಎರಡೂ ಮುಕ್ಕಾಲು ಗಂಟೆಯವು, ಎರಡೂ ಪೂರ್ತಿ ಗಮನವನ್ನು ಬೇಡುವವು, ಮತ್ತು ಬೀಥೋವನ್‌ನ ಸಮಾಧಾನದ ನಂತರ ಚೈಕೋವ್‌ಸ್ಕಿಯ ಆವೇಶ ಅನ್ಯಾಯವಾಗಿ ಅತಿರೇಕದಂತೆ ಕೇಳಿಸುತ್ತದೆ. ಬ್ರಾಮ್ಸ್‌ನ ನಾಲ್ಕನೆಯ ಸಿಂಫನಿ ಇದ್ದರೆ ಮಾತ್ರ ಎರಡು ದೀರ್ಘ ಕೃತಿಗಳ ಸಂಜೆಗೆ ನಾನು ಒಪ್ಪುತ್ತೇನೆ. 1848ರಲ್ಲಿ ಹ್ಯಾಂಬರ್ಗಿನಲ್ಲಿ ಯೊಆಖಿಮ್ ಈ ಕಾನ್ಸರ್ಟೊವನ್ನು ನುಡಿಸಿದಾಗ ಸಭೆಯಲ್ಲಿದ್ದ ಹುಡುಗರಲ್ಲಿ ಬ್ರಾಮ್ಸ್ ಒಬ್ಬ. ಮುಂದೆ ಇಬ್ಬರೂ ಸ್ನೇಹಿತರಾದರು, ಬ್ರಾಮ್ಸ್‌ನ ವಯಲಿನ್ ಕಾನ್ಸರ್ಟೊವನ್ನು 1879ರಲ್ಲಿ ಮೊದಲು ನುಡಿಸಿದವನೂ ಯೊಆಖಿಮ್. 1885ರಲ್ಲಿ ಮೈನಿಂಗೆನ್‌ನಲ್ಲಿ ಮೊದಲು ಕೇಳಿಬಂದ ನಾಲ್ಕನೆಯ ಸಿಂಫನಿಯ ಕೊನೆಯ ಭಾಗ, ಬಾಖ್‌ನ ಒಂದು ಕ್ಯಾಂಟಾಟಾದಿಂದ (ವಾದ್ಯಗಳೊಂದಿಗೆ ಹಾಡುವ ಕೃತಿಯಿಂದ) ಪ್ರೇರಿತವಾದ ಎಂಟು ಸ್ವರಗಳ ಧಾಟಿಯ ಮೇಲೆ ಮೂವತ್ತು ಬಾರಿ ಹೊಸ ರೂಪ ಕಟ್ಟುತ್ತದೆ. ಒಂದೇ ಸ್ವರದ ಪೆಟ್ಟುಗಳಿಂದ ಇಡೀ ಭಾಗವನ್ನು ಕಟ್ಟಿದ ಬೀಥೋವನ್‌ನನ್ನು ಕೇಳಿ ಬಂದ ಕಿವಿಗೆ ಈ ಕಟ್ಟುವಿಕೆ ತಾನಾಗಿ ಅರ್ಥವಾಗುತ್ತದೆ. ಸಂಜೆ ಹಗುರವಾಗಿರಬೇಕೆಂದರೆ ಶೂಮಾನ್‌ನ ನಾಲ್ಕನೆಯದು ಅಥವಾ ಮೆಂಡೆಲ್ಸನ್‌ನ ‘ಇಟಾಲಿಯನ್’ ಬೀಥೋವನ್‌ಗೆ ಒಳ್ಳೆಯ ಜೊತೆ; ಎರಡೂ ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತವೆ.

ಸಭಾಂಗಣವೂ ಆಯ್ಕೆಯ ಒಂದು ಭಾಗ. 1870ರಲ್ಲಿ ತೆರೆದ ವಿಯೆನ್ನಾದ ಮ್ಯೂಸಿಕ್‌ಫೆರೈನ್, 1888ರ ಆಮ್‌ಸ್ಟರ್‌ಡ್ಯಾಮಿನ ಕಾನ್ಸರ್ಟ್‌ಹೆಬಾವ್ ಇಂಥ ಆಯತಾಕಾರದ ಹಳೆಯ ಸಭಾಂಗಣಗಳಲ್ಲಿ ಮೊಟ್ಸಾರ್ಟ್‌ನ ಚಿಕ್ಕ ವಾದ್ಯವೃಂದವೂ ತುಂಬಿಕೊಂಡು ಕೇಳಿಸುತ್ತದೆ. ಐದು ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಮೇಲಿನ ಸಾಲುಗಳಲ್ಲಿ ಅದೇ ಕೃತಿ ದೂರದ್ದಾಗಿಬಿಡುತ್ತದೆ. ಅಲ್ಲಿ ಬೇಸಿಗೆಯ ಪ್ರಾಮ್ಸ್ ಉತ್ಸವದಲ್ಲಿ ನಿಂತು ಕೇಳುವ ಅಗ್ಗದ ಟಿಕೆಟ್ ಪಡೆದು ವೇದಿಕೆಯ ಮುಂದಿನ ಅಂಗಳಕ್ಕೆ ಹೋದವರು ದುಬಾರಿ ಆಸನದವರಿಗಿಂತ ಚೆನ್ನಾಗಿ ಕೇಳುತ್ತಾರೆ. ಬರ್ಲಿನ್ನಿನ ಫಿಲ್‌ಹಾರ್ಮೊನಿಯಂತೆ ವೇದಿಕೆಯ ಹಿಂದೆಯೂ ಆಸನಗಳಿರುವ ಕಡೆ ಬೆಲೆ ಕಡಿಮೆ ಎಂದು ಅವುಗಳನ್ನು ಕೊಳ್ಳುವ ಮುನ್ನ ಕಾನ್ಸರ್ಟೊವನ್ನು ನೆನೆಯಬೇಕು. ಏಕವಾದಕರ ವಯಲಿನ್‌ನ ಮುಖ ಎದುರಿನ ಸಭಿಕರ ಕಡೆಗಿರುತ್ತದೆ. ಹಿಂದೆ ಕೂತವರಿಗೆ ಅದರ ನಾದ ತೆಳುವಾಗಿ ತಲುಪುತ್ತದೆ. ಬ್ರುಕ್ನರ್‌ಗಾಗಿಯೇ ಹೋಗುವವರು ಅಲ್ಲಿ ಧೈರ್ಯವಾಗಿ ಕೂರಬಹುದು, ಬೀಥೋವನ್‌ನ ಕಾನ್ಸರ್ಟೊಗಾಗಿ ಹೋಗುವವರು ಕೂರಬಾರದು.

ಕರ್ನಾಟಕದಲ್ಲೇ ಇರುವವರಿಗೆ ಪೂರ್ಣ ಪ್ರಮಾಣದ ವಾದ್ಯವೃಂದವನ್ನು ಕೇಳಲು ಹತ್ತಿರದ ಜಾಗ ಮುಂಬೈ. ಅಲ್ಲಿಯ ಎನ್‌ಸಿಪಿಎ ಎಂಬ ಪ್ರದರ್ಶನ ಕಲೆಗಳ ರಾಷ್ಟ್ರೀಯ ಕೇಂದ್ರದಲ್ಲಿ 2006ರಲ್ಲಿ ಆರಂಭವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಜಮ್ಶೆಡ್ ಭಾಭಾ ಥಿಯೇಟರಿನಲ್ಲಿ ಕಚೇರಿಗಳನ್ನು ಕೊಡುತ್ತದೆ. ಲಂಡನ್ನಿನಲ್ಲಿರುವವರಿಗೆ ಅಲ್ಲಿಯ ಫಿಲ್ಹಾರ್ಮೋನಿಯ ಎಂಬ ವಾದ್ಯವೃಂದದ ಕಚೇರಿಗಳ ಬಗ್ಗೆ ಒಂದು ವಿಶೇಷ ಅಭಿಮಾನ ಇರಲು ಕಾರಣವಿದೆ: ಮೈಸೂರಿನ ಜಯಚಾಮರಾಜ ಒಡೆಯರ್ ಅವರು ಫಿಲ್ಹಾರ್ಮೋನಿಯ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದರು, ಎರಡನೆಯ ಮಹಾಯುದ್ಧದ ನಂತರದ ಕಷ್ಟದ ವರ್ಷಗಳಲ್ಲಿ ಆ ವಾದ್ಯವೃಂದಕ್ಕೆ ಹಣ ಕೊಟ್ಟು ನಿಲ್ಲಿಸಿದವರಲ್ಲಿ ಪ್ರಮುಖರಾಗಿದ್ದರು. ಅದೇ ವಾದ್ಯವೃಂದದೊಂದಿಗೆ ವಯಲಿನ್ ವಾದಕ ಯೆಹೂದಿ ಮೆನುಹಿನ್ 1953ರಲ್ಲಿ ಫುರ್ಟ್‌ವೆಂಗ್ಲರ್ ನೇತೃತ್ವದಲ್ಲಿ ಮುದ್ರಿಸಿದ ಬೀಥೋವನ್ ಕಾನ್ಸರ್ಟೊ ಇಂದಿಗೂ ಸಿಗುತ್ತದೆ. ಬೀಥೋವನ್ ಸಂಜೆಗೆ ಹೋಗುವ ಮುನ್ನ ಅದನ್ನು ಮನೆಯಲ್ಲಿ ಒಮ್ಮೆ ಕೇಳಿರಿ. ಮೊಟ್ಸಾರ್ಟ್‌ಗೆ ವಯಲಿನ್ ವಾದಕ ಆರ್ಥರ್ ಗ್ರುಮಿಯೊನ ಮುದ್ರಣಗಳು, ಬ್ರಾಮ್ಸ್‌ನ ನಾಲ್ಕನೆಯದಕ್ಕೆ ಕಂಡಕ್ಟರ್ ಕಾರ್ಲೋಸ್ ಕ್ಲೈಬರ್ ವಿಯೆನ್ನಾ ಫಿಲ್‌ಹಾರ್ಮೊನಿಕ್ ಜೊತೆ ಮಾಡಿದ ಮುದ್ರಣ, ಚೈಕೋವ್‌ಸ್ಕಿಗೆ ಕಂಡಕ್ಟರ್ ಮ್ರವಿನ್‌ಸ್ಕಿ ಲೆನಿನ್‌ಗ್ರಾಡಿನ ವಾದ್ಯವೃಂದದೊಂದಿಗೆ ಮಾಡಿದ ಮುದ್ರಣಗಳು ಸಾಕು. ಸಮಯ ಒಂದಕ್ಕೆ ಮಾತ್ರ ಇದ್ದರೆ ಕಾನ್ಸರ್ಟೊವನ್ನೇ ಕೇಳಿ ಹೋಗಿ, ಸಿಂಫನಿಯನ್ನು ಸಭಾಂಗಣಕ್ಕೆ ಬಿಡಿ.

ಕೊನೆಯದಾಗಿ, ಟಿಕೆಟ್ ಕೊಳ್ಳುವಾಗ ಕಾನ್ಸರ್ಟೊಗೆ ಮುಂಚೆ ಒಂದು ಚಿಕ್ಕ ಓವರ್ಚರ್ (ಕಚೇರಿಯ ಆರಂಭದ ಕಿರುಕೃತಿ) ಇದೆಯೇ ಎಂದು ನೋಡಿಕೊಳ್ಳುವುದು ಅಗತ್ಯ. ಕೃತಿ ಶುರುವಾದ ಮೇಲೆ ತಡವಾಗಿ ಬಂದವರನ್ನು ಒಳಗೆ ಬಿಡುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಓವರ್ಚರ್ ಇದ್ದರೆ ಅದು ಮುಗಿದಾಗ ಬಾಗಿಲು ತೆರೆಯುತ್ತಾರೆ, ಕಾನ್ಸರ್ಟೊ ತಪ್ಪುವುದಿಲ್ಲ. ಕಚೇರಿ ನೇರವಾಗಿ ಕಾನ್ಸರ್ಟೊದಿಂದಲೇ ಆರಂಭವಾಗುವುದಾದರೆ, ರೈಲು ಹತ್ತು ನಿಮಿಷ ತಡವಾದರೂ ಮೊದಲ ಅರ್ಧವನ್ನು ಹೊರಗಿನ ಪಡಸಾಲೆಯಲ್ಲೇ ಕಳೆಯಬೇಕಾಗಬಹುದು. ಕೆಲಸದಿಂದ ನೇರವಾಗಿ ಹೊರಡುವವರು ವಾರದ ದಿನದ ಬದಲು ಭಾನುವಾರದ ಮಧ್ಯಾಹ್ನದ ಕಚೇರಿಗೆ ಅದೇ ಕಾರ್ಯಕ್ರಮ ಇದೆಯೇ ಎಂದು ವಿಚಾರಿಸಿ ಕೊಂಡರೆ ಅನುಕೂಲ.